ಗೆಳೆಯನಿಗೊಂದು ಪತ್ರ: ಒಂದೇ ಮರಕ್ಕೊಂದು ಮ್ಯೂಸಿಯಂ

ಗೆಳೆಯಾ,

"ತೇಗದ ಮರ ನೋಡೋಕೆ ಘಟ್ಟ ಇಳಿದು ಕೇರಳಕ್ಕೆ ಹೋಗ್ಬೇಕಾ, ನಮ್ಮ ಹಿತ್ತಲಲ್ಲೇ ನಿಂತಿದೆಯಲ್ಲೋ" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ. ನಿಲಂಬೂರಿನ ತೇಗದ ಮ್ಯೂಸಿಯಂ ನೋಡಿಕೊಂಡು ನಿನ್ನೆ ವಾಪಸ್ ಬಂದೆ.

ನಾನೂ ದೊಡ್ಡ ಆಸೆ ಇಟ್ಟುಕೊಂಡು ಹೋಗಿರಲಿಲ್ಲ. ನಾಲ್ಕು ಹಲಗೆ, ಒಂದಿಷ್ಟು ಬೋರ್ಡು, ಅಷ್ಟೇ ಅಂದುಕೊಂಡಿದ್ದೆ. ಆದರೆ ಬಾಗಿಲಲ್ಲೇ ಒಂದು ಬೇರು ತಡೆದು ನಿಲ್ಲಿಸಿತು. 55 ವರ್ಷದ ಮರವೊಂದರ ಬೇರು ಬುಡಸಮೇತ ಅಲ್ಲಿದೆ. ಮರ ಅಂದರೆ ನಾವು ಯಾವಾಗಲೂ ತಲೆ ಎತ್ತಿ ನೋಡುತ್ತೇವೆ, ಅಲ್ವಾ? ಅಲ್ಲಿ ಮಾತ್ರ ಮೊದಲು ನೋಡಿದ್ದು ಮಣ್ಣಿನೊಳಗಿನ ಮರವನ್ನು.

ಮ್ಯೂಸಿಯಂ ತೀರಾ ಹಳೆಯದಲ್ಲ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1995ರಲ್ಲಿ ಶುರು ಮಾಡಿದ್ದು. ಹಳೆಯದು ಅದರ ಹಿಂದಿನ ಕಥೆ. ಬ್ರಿಟಿಷರಿಗೆ ಹಡಗು ಕಟ್ಟಲು ಮಲಬಾರಿನ ತೇಗ ಬೇಕಿತ್ತು. 1817ರಲ್ಲಿ ಬಾಂಬೆಯಲ್ಲಿ ಇದೇ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕಾಮಲಿ ಅನ್ನುವ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ! ಹೀಗೆ ಕಡಿದೂ ಕಡಿದೂ ಕಾಡು ಬರಿದಾಗತೊಡಗಿದಾಗ ಮಲಬಾರಿನ ಕಲೆಕ್ಟರ್ ಕನೋಲಿ ತಾನೇ ತೇಗ ನೆಡಿಸಲು ಹೊರಟ. ಬೀಜ ಮೊಳೆಯಲೇ ಇಲ್ಲ. ತೇಗದ ಕಾಯಿಯ ಚಿಪ್ಪು ಎಷ್ಟು ಗಟ್ಟಿ ಅಂತ ನಿನಗೆ ಗೊತ್ತಲ್ಲ, ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಗೋಳಾಡಬೇಕು. ಕೊನೆಗೆ ಗಿಡ ಎಬ್ಬಿಸಿ ತೋಟ ಮಾಡಿದ್ದು ಅವನ ಕೈಕೆಳಗಿದ್ದ ಚಾತು ಮೆನನ್. 1840ರ ದಶಕದ ಆ ನೆಡುತೋಪಿನ ಒಂದು ತುಂಡು ಚಾಲಿಯಾರ್ ನದಿಯ ದಡದಲ್ಲಿ ಇನ್ನೂ ಉಳಿದಿದೆ. ಅದರ ಹೆಸರು ಕನೋಲಿ ಪ್ಲಾಟ್. ಗಿಡ ಸಾಕಿದವನು ಮೆನನ್, ಬೋರ್ಡಿನಲ್ಲಿರುವುದು ಸಾಹೇಬರ ಹೆಸರು. ಇರಲಿ ಬಿಡು.

ತಮಾಷೆ ಏನು ಗೊತ್ತಾ? ಆ ಗಿಡಗಳು ದಿಮ್ಮಿಯಾಗುವ ಹೊತ್ತಿಗೆ ಹಡಗುಗಳೇ ಕಬ್ಬಿಣದವಾಗಿದ್ದವು. ಕನೋಲಿ ಅದನ್ನೂ ನೋಡಲಿಲ್ಲ, 1855ರಲ್ಲೇ ಕೊಲೆಯಾಗಿ ಹೋದ.

ಒಳಗೆ ಪರಂಬಿಕುಳಂ ಕಾಡಿನ ಕನ್ನಿಮರ ಅನ್ನುವ ಭಾರಿ ತೇಗದ ಮಾದರಿ ಇದೆ, ಉರು ಅನ್ನುವ ಸಾಂಪ್ರದಾಯಿಕ ಮರದ ಹಡಗಿನ ಮಾದರಿ ಇದೆ, ಚಿಟ್ಟೆಗಳಿವೆ. ಚಿಟ್ಟೆಗಳನ್ನು ನಾನು ಬೇಗ ದಾಟಿದೆ. ಜಾಸ್ತಿ ಹೊತ್ತು ನಿಂತಿದ್ದು ಅಡ್ಡ ಕೊಯ್ದ ಮರದ ಮುಂದೆ. ನಮ್ಮ ಕಡೆಯ ಎಷ್ಟೋ ಮರಗಳಲ್ಲಿ ವರ್ಷದ ಉಂಗುರ ನೆಟ್ಟಗೆ ಕಾಣುವುದೇ ಇಲ್ಲ. ತೇಗ ಹಾಗಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ನೆ ನಿಲ್ಲುತ್ತದೆ, ಮಳೆ ಬಿದ್ದೊಡನೆ ದೊಡ್ಡ ದೊಡ್ಡ ರಂಧ್ರಗಳಿರುವ ಹೊಸ ಪದರ ಕಟ್ಟುತ್ತದೆ, ಹಾಗಾಗಿ ಬೆರಳಿಟ್ಟು ಒಂದೊಂದೇ ವರ್ಷ ಎಣಿಸಬಹುದು. ಹೊರಗೆ ಬಿಳಿ ಅಂಚು, ಒಳಗೆ ಹೊಂಬಣ್ಣದ ಚೇಗು, ಅಂದರೆ ಮರದ ಗಟ್ಟಿ ತಿರುಳು. ಗೆದ್ದಲಿಗೆ ಸುಲಭಕ್ಕೆ ಬಗ್ಗದ್ದು ಆ ಚೇಗೇ. ನಿನ್ನ ಬಡಗಿ ಬಿಳಿ ಭಾಗ ಸೇರಿಸಿಯೇ ಕಿಟಕಿ ಮಾಡಿಕೊಟ್ಟು ಹೋದನಲ್ಲ, ಅದು ಯಾಕೆ ಹಿಟ್ಟಾಯಿತು ಅಂತ ಈಗ ತಿಳಿಯಿತಾ?

ಮತ್ತೊಂದು. ಮಳೆ ಶುರುವಾದಾಗ ನಿನ್ನ ಹಿತ್ತಲ ಮರ ಬೋಳಾಗುತ್ತದಲ್ಲ, ಅದು ರೋಗವಲ್ಲ ಮಾರಾಯ. ತೇಗದ ಎಲೆ ತಿನ್ನುವ ಹುಳವೇ ಇದೆ, ದಂಡುಕಟ್ಟಿ ಬಂದು ಚಿಗುರನ್ನೆಲ್ಲ ಮೇಯುತ್ತದೆ. ಬೆಳವಣಿಗೆ ಕುಂಠಿತವಾಗುತ್ತದೆ ನಿಜ, ಆದರೆ ಮರ ಮತ್ತೆ ಚಿಗುರುತ್ತದೆ. ಕಡಿಸಬೇಡ.

ಹೊರಗೆ ಬಂದವನು ಕೆಳಗೆ ಬಿದ್ದಿದ್ದ ಎಳೆ ಎಲೆಯೊಂದನ್ನು ಅಂಗೈಯಲ್ಲಿ ತಿಕ್ಕಿದೆ. ಕೈಯೆಲ್ಲ ಕೆಂಪು. ರಕ್ತ ಬಂತು ಅಂತ ಮೇಷ್ಟ್ರಿಗೆ ತೋರಿಸಿ ಶಾಲೆಯಿಂದ ಓಡಿಬಂದಿದ್ದೆವಲ್ಲ, ಅದೇ ಕೆಂಪು. ಈ ಕಾಗದದ ಮೂಲೆಯಲ್ಲಿ ಒರೆಸಿದ್ದೇನೆ, ನೋಡು.

ನಿನ್ನವ