ಗೇಮ್ ಮಾಡೋರ ಬಗ್ಗೆ ಬರೆಯೋದಾದ್ರೆ ನಡುವಿನ ವರ್ಷಗಳನ್ನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಒಬ್ಬನೇ ಕೂತು ವಿಡಿಯೋ ಗೇಮ್ ಮಾಡಿ ಕೋಟಿಗಟ್ಟಲೆ ದುಡಿದ ಅಮೆರಿಕದವರೊಬ್ಬರ ಬಗ್ಗೆ ನಿಮ್ಮ ಪತ್ರಿಕೇಲಿ ಒಂದು ಚಿಕ್ಕ ಸುದ್ದಿ ಬಂದಿತ್ತು. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮ್ ಮಾಡಿದ ಎರಿಕ್ ಬರೋನ್ ಅವರ ಬಗ್ಗೆ. ಅದ್ರಲ್ಲಿ ಸುಳ್ಳು ಅಂತ ಏನೂ ಇರ್ಲಿಲ್ಲ, ಆದ್ರೆ ಇದ್ದಿದ್ದೇ ಎರಡು ವಿಷಯ, ಒಬ್ಬರೇ ಮಾಡಿದ್ರು ಮತ್ತೆ ಇಷ್ಟು ಕಾಪಿ ಮಾರಾಟ ಆಯ್ತು. ನಡುವಿನ ನಾಲ್ಕೂವರೆ ವರ್ಷದ ಸುದ್ದಿನೇ ಇಲ್ಲ. ನಾನು ಕಂಪ್ಯೂಟರ್ ಕಲಿಸೋ ಕೆಲಸದಲ್ಲಿರೋನು, ಇಂಥ ಸುದ್ದಿ ಬಂದ ದಿನ ನಮ್ಮ ಹುಡುಗ್ರು ಅದರ ಫೋಟೋ ತೆಗೆದು ವಾಟ್ಸಾಪಲ್ಲಿ ಹಂಚ್ಕೋತಾರೆ, ಒಬ್ಬ ಬಂದು ಸರ್ ನಾನು ಕೋರ್ಸ್ ಬಿಟ್ಟು ಮನೇಲೇ ಗೇಮ್ ಮಾಡ್ತೀನಿ ಅಂತಾನೆ, ಅದೇ ವಾರ ಅವನ ಅಮ್ಮ ಬಂದು ಇವನು ಗೇಮು ಗೇಮು ಅಂತ ಹಾಳಾಗ್ತಿದಾನೆ ಬುದ್ಧಿ ಹೇಳಿ ಅಂತಾರೆ. ಇಬ್ಬರ ಕೈಲಿರೋದೂ ಅದೇ ಅರ್ಧ ಕಥೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಬರೋನ್ ಅವರು ಬೆಳೆದಿದ್ದು ವಾಷಿಂಗ್ಟನ್ ರಾಜ್ಯದ ಆಬರ್ನ್ ಅನ್ನೋ ಊರಲ್ಲಿ, ಸಿಯಾಟಲ್ ಹತ್ರ. 2011ರಲ್ಲಿ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಟಕೋಮಾ ಕ್ಯಾಂಪಸ್ಸಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದ್ರು, ಸಿಗ್ಲಿಲ್ಲ. ಸರಿ, ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಕಲಿಯೋಣ, ಒಂದು ಗೇಮ್ ಮಾಡಿದ್ರೆ ಇಂಟರ್‌ವ್ಯೂಲಿ ತೋರಿಸ್ಬಹುದು ಅಂತ ಶುರು ಮಾಡಿದ್ದು ಇದು. ಕೆಲವು ತಿಂಗಳಲ್ಲಿ ಮುಗಿಸೋ ಅಂದಾಜು. ಚಿಕ್ಕಂದಿನಲ್ಲಿ ಹಾರ್ವೆಸ್ಟ್ ಮೂನ್ ಅನ್ನೋ ಜಪಾನಿನ ಬೇಸಾಯದ ಗೇಮ್ ತುಂಬ ಇಷ್ಟಪಟ್ಟು ಆಡಿದ್ರು, ಆ ಸೀರೀಸ್ ಬರ್ತಾ ಬರ್ತಾ ಹದಗೆಟ್ಟಿದೆ ಅಂತ ಅವರಿಗೆ ಅನ್ನಿಸ್ತಿತ್ತು, ಹಾಗಾಗಿ ತನಗೆ ಬೇಕಾದ ಹಾಗೆ ತಾನೇ ಒಂದು ಮಾಡ್ಕೊಳೋಣ ಅಂತ ಹೊರಟ್ರು. ಆ ಕೆಲವು ತಿಂಗಳು ಬೆಳೆದು ಬೆಳೆದು 2016ರ ಫೆಬ್ರವರಿ 26ಕ್ಕೆ ಬಂದು ನಿಲ್ತು, ಗೇಮ್ ರಿಲೀಸ್ ಆಗಿದ್ದು ಅವತ್ತು.

ಆ ಅಷ್ಟೂ ವರ್ಷ ಮನೆ ಹೇಗೆ ನಡೀತು ಅನ್ನೋದನ್ನ ಸುದ್ದಿ ಬರೆಯೋರು ಬಿಟ್ಟೇಬಿಡ್ತಾರೆ. ಬರೋನ್ ಅವರು ಸಿಯಾಟಲ್‌ನ ಪ್ಯಾರಾಮೌಂಟ್ ಥಿಯೇಟರ್‌ನಲ್ಲಿ ಜನಕ್ಕೆ ಸೀಟ್ ತೋರಿಸೋ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ರು. ಅದರಿಂದ ಬರೋ ದುಡ್ಡು ಏನೇನೂ ಸಾಲ್ತಿರ್ಲಿಲ್ಲ. ಉಳಿದಿದ್ದನ್ನ ತೂಗಿಸಿದ್ದು ಅವರ ಗೆಳತಿ, ಅವರು ಒಂದು ಕಡೆ ದುಡೀತಾ ಇನ್ನೊಂದು ಕಡೆ ಮುಂದಕ್ಕೆ ಓದ್ತಾ ಇದ್ರು. ಇದನ್ನ ಬರೋನ್ ಅವರು ಎಲ್ಲೂ ಮುಚ್ಚಿಟ್ಟಿಲ್ಲ, ಸಂದರ್ಶನಗಳಲ್ಲಿ ಅವರೇ ಹೇಳ್ಕೊಂಡಿದ್ದಾರೆ. ಆದ್ರೂ ನಮ್ಮಲ್ಲಿ ಸುದ್ದಿ ಆಗುವಾಗ ‘ಒಬ್ಬನೇ’ ಅನ್ನೋದು ದಪ್ಪ ಅಕ್ಷರದಲ್ಲಿ ಬರುತ್ತೆ, ಆ ಹುಡುಗಿ ಎಲ್ಲೂ ಬರಲ್ಲ. ನನಗೆ ಇದು ನಿಜವಾಗ್ಲೂ ಬೇಜಾರಾಗೋ ವಿಷಯ. ನಮ್ಮ ಹುಡುಗ ಕೋರ್ಸ್ ಬಿಡ್ತೀನಿ ಅಂದಾಗ ನಾನು ಅವನಿಗೆ ಮೊದಲು ಕೇಳೋದೇ ಇದನ್ನ, ನಾಲ್ಕು ವರ್ಷ ನಿನ್ನ ಊಟ ಬಾಡಿಗೆ ಯಾರು ನೋಡ್ಕೋತಾರೆ, ಅವರನ್ನ ಕೇಳಿದೀಯಾ?

ಇನ್ನು ಕೆಲಸದ ವಿಷಯ. ಕೋಡ್ ಅವರದೇ, ಚಿತ್ರ ಅವರದೇ, ಸಂಗೀತ ಅವರದೇ, ಪಾತ್ರಗಳು ಆಡೋ ಒಂದೊಂದು ಮಾತೂ ಅವರದೇ. ನಮ್ಮ ಕಡೆ ಕಂಪನಿ ನಾಟಕದಲ್ಲಿ ನಾಟಕ ಬರೆಯೋನು, ಪರದೆ ಬರೆಯೋನು, ಹಾರ್ಮೋನಿಯಂ ನುಡಿಸೋನು, ರಾಜನ ಪಾರ್ಟು ಸೇವಕನ ಪಾರ್ಟು ಎರಡೂ ಮಾಡೋನು ಎಲ್ಲಾ ಒಬ್ಬನೇ ಆದ್ರೆ ಹೇಗೋ ಹಾಗೆ. ಶುರು ಮಾಡಿದಾಗ ಅವರಿಗೆ ಚಿಕ್ಕ ಚಿಕ್ಕ ಚೌಕ ಜೋಡಿಸಿ ಮಾಡೋ ಪಿಕ್ಸೆಲ್ ಚಿತ್ರ ಬರೆದು ಅಂಥ ಅಭ್ಯಾಸ ಏನೂ ಇರ್ಲಿಲ್ಲ. ಮೊದಲು ಬರೆದ ಮುಖಗಳನ್ನ ಈಗ ನೋಡಿದ್ರೆ ಸಾಧಾರಣ ಅನ್ಸುತ್ತೆ, ಕೈ ಕುದುರ್ತಾ ಹೋದ ಹಾಗೆ ಹಳೇದು ತನಗೇ ಹಿಡಿಸ್ದೆ ಅದೇ ಮುಖಾನ ಮತ್ತೆ ಬರೆದ್ರು, ಮತ್ತೂ ಬರೆದ್ರು. ಒಂದೇ ಪಾತ್ರದ ಮುಖ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯ್ತು ಅಂತ ಸಾಲಾಗಿ ಜೋಡಿಸಿದ ಚಿತ್ರಗಳು ನೆಟ್ಟಲ್ಲಿವೆ, ನಾನು ಕ್ಲಾಸಲ್ಲಿ ಅದನ್ನ ತೋರಿಸ್ತೀನಿ, ಹುಡುಗ್ರು ಸುಮ್ಮನೆ ನೋಡ್ತಾರೆ.

2012ರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಗೇಮರ್‌ಗಳೇ ವೋಟ್ ಹಾಕಿ ಯಾವ ಗೇಮ್ ಅಂಗಡಿಗೆ ಬರ್ಬೇಕು ಅಂತ ಆರಿಸೋ ಗ್ರೀನ್‌ಲೈಟ್ ಅಂತ ಒಂದು ವ್ಯವಸ್ಥೆ ಇತ್ತು, ಅದ್ರಲ್ಲಿ ಇದನ್ನ ಹಾಕಿದ್ರು, ಜನಕ್ಕೆ ಹಿಡಿಸ್ತು. ಆಮೇಲೆ ಇಂಗ್ಲೆಂಡಿನ ಚಕಲ್‌ಫಿಶ್ ಅನ್ನೋ ಕಂಪನಿ ಪಬ್ಲಿಷರ್ ಆಗಿ ಬಂತು. ಆಗ ಅರ್ಧ ಆಗಿರೋ ಗೇಮ್ ಮಾರಿ ದುಡ್ಡು ಮಾಡ್ಕೊಳೋ ದಾರೀನೂ ಇತ್ತು, ಎಷ್ಟೋ ಜನ ಮಾಡ್ತಾರೆ, ತಪ್ಪೇನಲ್ಲ. ಇವರು ಒಪ್ಪಲಿಲ್ಲ, ಪೂರ್ತಿ ಆದ್ಮೇಲೇ ಕೊಡ್ತೀನಿ ಅಂದ್ರು. ಕೈಯಲ್ಲಿ ಕಾಸಿಲ್ಲದ ಹೊತ್ತಲ್ಲಿ ಹಾಗೆ ಹೇಳೋದು ಸಣ್ಣ ಮಾತಲ್ಲ.

ಗೇಮ್ ಆಡದೇ ಇರೋ ಓದುಗರಿಗೋಸ್ಕರ ಇದು ಏನು ಅಂತ ಸ್ವಲ್ಪ ಹೇಳ್ತೀನಿ. ದೊಡ್ಡ ಕಂಪನೀಲಿ ಕೆಲಸ ಮಾಡಿ ಸಾಕಾಗಿರೋ ಒಬ್ಬ ಮನುಷ್ಯ, ತಾತ ಸಾಯೋ ಮುಂಚೆ ಕೊಟ್ಟಿದ್ದ ಕಾಗದ ತೆಗೆದು ಓದ್ತಾನೆ, ಹಳ್ಳೀಲಿರೋ ತಾತನ ತೋಟ ಇನ್ಮೇಲೆ ನಿಂದು ಅಂತ ಇರುತ್ತೆ, ಹೊರಟು ಬರ್ತಾನೆ. ಬೀಜ ಹಾಕ್ಬೇಕು, ದಿನಾ ನೀರು ಹಾಕ್ಬೇಕು, ಒಂದೊಂದು ಕಾಲ 28 ದಿನ, ಕಾಲ ಮುಗಿಯೋದ್ರೊಳಗೆ ಕೊಯ್ಯದೇ ಇದ್ರೆ ಬೆಳೆ ಒಣಗೋಗುತ್ತೆ. ಗೇಮಿನ ಒಂದು ದಿನ ಅಂದ್ರೆ ನಮ್ಮ ಗಡಿಯಾರದಲ್ಲಿ ಹೆಚ್ಚು ಕಡಿಮೆ 14 ನಿಮಿಷ. ಇದರಲ್ಲಿ ಒಂದು ಜಾಣತನ ನೋಡಿ, ಕಂಪ್ಯೂಟರಲ್ಲಿ ಆಡುವಾಗ ಮನೆಗೆ ಹೋಗಿ ಮಲಗಿದ್ರೆ ಮಾತ್ರ ಗೇಮ್ ಸೇವ್ ಆಗುತ್ತೆ. ಮಲಗಿ ಎದ್ರೆ ಬೆಳಗ್ಗೆ ಆರು ಗಂಟೆ, ನಿನ್ನೆ ಹಾಕಿದ ಬೀಜ ಮೊಳಕೆ ಬಂದಿರುತ್ತೆ, ಇನ್ನೊಂದೇ ದಿನ ಆಡಿ ಎದ್ದುಬಿಡೋಣ ಅನ್ಸುತ್ತೆ. ಬಿಡೋ ಜಾಗಾನೇ ಶುರು ಮಾಡೋ ಜಾಗಾನೂ ಆಗೋ ಹಾಗೆ ಕಟ್ಟಿದ್ದಾರೆ. ಡಿಸೈನ್ ಅಂದ್ರೆ ಇದು, ಬಣ್ಣ ಹಚ್ಚೋದಲ್ಲ, ಇದನ್ನ ಯಾವ ಪೇಪರಲ್ಲೂ ಯಾರೂ ಬರೆದಿದ್ದು ನಾನು ಕಂಡಿಲ್ಲ.

ಇನ್ನೊಂದು ಹೇಳ್ಬೇಕು. ಊರಲ್ಲಿ ಕೆಂಟ್ ಅಂತ ಒಬ್ಬ ಸೈನಿಕ ಇದಾನೆ, ಮೊದಲನೇ ವರ್ಷ ಅವನು ಮನೇಲಿರಲ್ಲ, ಯುದ್ಧಕ್ಕೆ ಹೋಗಿರ್ತಾನೆ, ಹೆಂಡತಿ ಎರಡು ಮಕ್ಕಳನ್ನ ಇಟ್ಕೊಂಡು ಕಾಯ್ತಿರ್ತಾಳೆ. ಎರಡನೇ ವರ್ಷ ಬರ್ತಾನೆ. ನಾವು ಅವನ ಸ್ನೇಹ ಬೆಳೆಸಿ ಒಂದು ದಿನ ಮನೆಗೆ ಹೋದ್ರೆ ಹೆಂಡತಿ ಅಡಿಗೆಮನೇಲಿ ಪಾಪ್‌ಕಾರ್ನ್ ಮಾಡ್ತಿರ್ತಾಳೆ, ಆ ಪಟಪಟ ಸದ್ದಿಗೆ ಅವನು ಬೆದರಿ ಕಂಗಾಲಾಗ್ತಾನೆ. ಅಷ್ಟೇ ಸೀನು, ಒಂದು ನಿಮಿಷ ಕೂಡ ಇರಲ್ಲ. ಬೇಸಾಯದ ಗೇಮಲ್ಲಿ, ಚಿಕ್ಕ ಚಿಕ್ಕ ಗೊಂಬೆಗಳ ನಡುವೆ, ಯುದ್ಧ ಮನೆಯೊಳಗೆ ಹೇಗೆ ಬರುತ್ತೆ ಅಂತ ತೋರಿಸಿದ್ದಾರೆ. ಕುಡಿತಕ್ಕೆ ಬಿದ್ದು ಬದುಕೇ ಬೇಡ ಅನ್ನೋ ಹುಡುಗ ಇದಾನೆ, ಊರ ಹೊರಗೆ ಡೇರೆ ಹಾಕ್ಕೊಂಡು ಒಬ್ಬನೇ ಬದುಕೋ ಮುದುಕ ಇದಾನೆ. ಇವನ್ನ ಬರೆದೋರನ್ನ ನಾವು ‘ಟೆಕ್ಕಿ’ ಅಂತ ಕರೆದು ಬಿಸಿನೆಸ್ ಪುಟದಲ್ಲಿ ಹಾಕ್ತೀವಿ. ಅವರು ಕಥೆಗಾರರು ಸಂಪಾದಕರೇ, ಭಾನುವಾರದ ಪುರವಣೀಲಿ ಬರ್ಬೇಕಾದೋರು.

ರಿಲೀಸ್ ಆದ್ಮೇಲೆ ಎರಡು ತಿಂಗಳಲ್ಲಿ ಹತ್ತು ಲಕ್ಷ ಕಾಪಿ ಹೋಯ್ತು, 2024ರ ಡಿಸೆಂಬರ್ ಹೊತ್ತಿಗೆ 4 ಕೋಟಿ 10 ಲಕ್ಷ. ನೀವು ಹಾಕೋದು ಈ ನಂಬರ್ರೇ ಆದ್ರಿಂದ ನಾನು ಇಲ್ಲಿ ಜಾಸ್ತಿ ನಿಲ್ಲಲ್ಲ. ನಂಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಆಮೇಲೆ ಅವರು ನಡ್ಕೊಂಡ ರೀತಿ. ಹಲವರು ಸೇರಿ ಆಡೋ ಮಲ್ಟಿಪ್ಲೇಯರ್ 2018ರಲ್ಲಿ ಬಂತು, ಅದನ್ನ ಮಾಡೋಕೆ ಚಕಲ್‌ಫಿಶ್‌ನ ಪ್ರೋಗ್ರಾಮರ್ ನೆರವಾದ್ರು, ಆಮೇಲೆ ಒಂದು ಸಣ್ಣ ತಂಡನೂ ಆಯ್ತು, ಅಂದ್ರೆ ಕೊನೇವರೆಗೂ ಒಬ್ಬರೇ ಅನ್ನೋದೂ ಸರಿ ಅಲ್ಲ. 2019, 2020, ಆಮೇಲೆ 2024ರ ಮಾರ್ಚ್‌ನಲ್ಲಿ ದೊಡ್ಡ ದೊಡ್ಡ ಅಪ್‌ಡೇಟ್ ಬಂದ್ವು, ಹೊಸ ದ್ವೀಪಾನೇ ಸೇರಿಸಿದ್ರು, ಒಂದಕ್ಕೂ ಕಾಸು ತಗೊಂಡಿಲ್ಲ, ಮುಂದೇನೂ ತಗೊಳಲ್ಲ ಅಂತ ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ. 2016ರಲ್ಲಿ ಕೊಂಡೋರಿಗೆ ಇವತ್ತಿಗೂ ಹೊಸದು ಸಿಗ್ತಾ ಇದೆ. ಮೋನೋಗೇಮ್ ಅಂತ ಗೇಮ್ ಕಟ್ಟೋಕೆ ಯಾರು ಬೇಕಾದ್ರೂ ಬಿಟ್ಟಿಯಾಗಿ ಬಳಸೋ ಒಂದು ಓಪನ್ ಸೋರ್ಸ್ ಟೂಲ್ ಇದೆ, ಅವರ ಗೇಮ್ ಈಗ ಅದರ ಮೇಲೇ ನಿಂತಿರೋದು, ಅದನ್ನ ನೋಡ್ಕೊಳೋರಿಗೆ 1,25,000 ಡಾಲರ್ ಕೊಟ್ರು. ತಾನು ಹತ್ತಿದ ಏಣೀನ ರಿಪೇರಿ ಮಾಡಿಸಿ ಮುಂದಿನೋರಿಗೆ ಬಿಟ್ಟಿದ್ದಾರೆ ಅಂತಲೇ ನಾನು ಅಂದ್ಕೊಂಡಿರೋದು.

ಹಾಗಂತ ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹುಡುಗ್ರಿಗೆ ಹೇಳಲ್ಲ. 2024 ಒಂದೇ ವರ್ಷದಲ್ಲಿ ಸ್ಟೀಮಿಗೆ ಬಂದ ಹೊಸ ಗೇಮ್‌ಗಳು 18,000ಕ್ಕೂ ಜಾಸ್ತಿ, ಅದ್ರಲ್ಲಿ ಹೆಚ್ಚಿನವುಗಳ ಹೆಸರೂ ಯಾರಿಗೂ ಗೊತ್ತಾಗಲ್ಲ, ಅವುಗಳ ಹಿಂದೇನೂ ಒಬ್ಬೊಬ್ಬರ ವರ್ಷಗಟ್ಟಲೆ ರಾತ್ರಿ ಇದೆ. ಬರೋನ್ ಅವರಷ್ಟೇ ಕಷ್ಟಪಟ್ಟು, ಅವರಷ್ಟೇ ಪ್ರತಿಭೆ ಇದ್ದು, ಏನೂ ಆಗದೇ ಇರೋರು ಇದ್ದೇ ಇರ್ತಾರೆ. ಗೆದ್ದೋರ ಸುದ್ದಿ ಮಾತ್ರ ಹಾಕಿದ್ರೆ ಈ ಲೆಕ್ಕ ಹುಡುಗ್ರಿಗೆ ಗೊತ್ತಾಗೋದು ಹೇಗೆ?

ಅಪ್ಪ ಅಮ್ಮಂದ್ರಿಗೆ ನಾನು ಹೇಳೋದು ಬೇರೆ. ನಮ್ಮ ಬೆಂಗಳೂರಲ್ಲೇ 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಯ್ತು, ಹೊರದೇಶದ ದೊಡ್ಡ ಗೇಮ್‌ಗಳಿಗೆ ಇಲ್ಲಿ ಕೂತು ಚಿತ್ರ ಮಾಡಿಕೊಡ್ತಿದ್ರು, 2019ರಲ್ಲಿ ಅದನ್ನ ರಾಕ್‌ಸ್ಟಾರ್ ಅನ್ನೋ ಅಮೆರಿಕದ ದೊಡ್ಡ ಗೇಮ್ ಕಂಪನಿಯೋರು ಕೊಂಡ್ಕೊಂಡ್ರು. ಅಂದ್ರೆ ತಿಂಗಳ ಸಂಬಳ ತಗೊಂಡು ಗೇಮ್ ಮಾಡೋ ಕೆಲಸ ನಮ್ಮ ರಾಜ್ಯದಲ್ಲಿ ಇಪ್ಪತ್ತೈದು ವರ್ಷಕ್ಕಿಂತ ಹಳೇದು. ಒಂದು ಕೆಲಸ ಹಿಡ್ಕೊಂಡು ರಾತ್ರಿ ಹೊತ್ತು ತಮ್ಮದೇ ಗೇಮ್ ಮಾಡೋರು ಇದ್ದಾರೆ, ಆ ದಾರಿ ನಿಧಾನ ಆದ್ರೂ ಮನೆಯೋರ ಮೇಲೆ ಅಷ್ಟು ಭಾರ ಬೀಳಲ್ಲ.

ಮತ್ತೆ ಇನ್ನೊಂದು, ಗೇಮ್ ಅಂದ ತಕ್ಷಣ ದುಡ್ಡು ಕಟ್ಟಿ ಆಡೋ ರಮ್ಮಿ ಆ್ಯಪು, ಸಾಲ, ಆತ್ಮಹತ್ಯೆ ಅಂತ ಜನಕ್ಕೆ ನೆನಪಾಗೋ ಹಾಗೆ ಆಗಿದೆ, ಅದರಿಂದ ಮನೆಗಳು ಹಾಳಾಗಿರೋದು ನಿಜ, ಆ ಸುದ್ದಿ ನೀವು ಬರೀಲೇಬೇಕು. ಆದ್ರೆ 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ತಂದ ಆನ್‌ಲೈನ್ ಗೇಮಿಂಗ್ ಕಾನೂನೇ ದುಡ್ಡಿನ ಆಟ ಬೇರೆ, ಪಂದ್ಯದ ಹಾಗೆ ಆಡೋ ಇ-ಸ್ಪೋರ್ಟ್ಸ್ ಬೇರೆ, ಬರೀ ಮನರಂಜನೆಯ ಗೇಮ್ ಬೇರೆ ಅಂತ ವಿಂಗಡಿಸಿ ಇಟ್ಟಿದೆ. ಕಾನೂನಿಗೆ ಗೊತ್ತಿರೋ ಈ ವ್ಯತ್ಯಾಸ ಪೇಪರಿನ ಹೆಡ್‌ಲೈನಲ್ಲೂ ಕಾಣ್ಬೇಕು ತಾನೇ. ಎಲ್ಲಾದಕ್ಕೂ ‘ಗೇಮ್ ಚಟ’ ಅಂತ ಒಂದೇ ಹಣೆಪಟ್ಟಿ ಹಚ್ಚಿದ್ರೆ, ಮನೇಲಿ ಕೂತು ಚಿತ್ರ ಬರೆದು ಕೋಡ್ ಬರೆದು ಏನೋ ಕಟ್ತಿರೋ ಹುಡುಗೀನೂ ಜೂಜುಕೋರಳ ಲೆಕ್ಕಕ್ಕೆ ಹೋಗ್ತಾಳೆ.

ನಾನು ಕೇಳೋದು ಇಷ್ಟೇ. ಸಿನಿಮಾಗೆ ವಿಮರ್ಶೆ ಇದೆ, ಪುಸ್ತಕಕ್ಕೆ ಇದೆ, ಹೊಸ ಬೈಕಿಗೂ ಅರ್ಧ ಪುಟ ಕೊಡ್ತೀರ. ತಿಂಗಳಿಗೆ ಒಂದು ಸಲ ಒಂದು ಗೇಮಿಗೆ ಜಾಗ ಕೊಡಿ. ಬರೋನ್ ಅವರು 2021ರಲ್ಲಿ ಹಾಂಟೆಡ್ ಚಾಕೊಲೇಟಿಯರ್ ಅಂತ ಮುಂದಿನ ಗೇಮ್ ಘೋಷಣೆ ಮಾಡಿದ್ದಾರೆ, ಅದು ಬಂದ ದಿನ ಏಜೆನ್ಸಿ ಸುದ್ದಿಯಿಂದ ಮಾರಾಟದ ಅಂಕಿ ಎತ್ತಿ ಹಾಕ್ಬೇಡಿ, ನಿಮ್ಮ ಕಚೇರೀಲಿ ಆಡೋಕೆ ಬರೋ ಒಬ್ಬರಿಗೆ ಎರಡು ವಾರ ಟೈಮ್ ಕೊಟ್ಟು ಪೂರ್ತಿ ಆಡಿಸಿ, ಆಮೇಲೆ ಬರೆಸಿ. ಬೇಕಿದ್ರೆ ನಮ್ಮ ಹುಡುಗ್ರಲ್ಲೇ ಚೆನ್ನಾಗಿ ಕನ್ನಡ ಬರೆಯೋರು ಇಬ್ಬರು ಮೂವರು ಇದ್ದಾರೆ, ಕಳಿಸಿಕೊಡ್ತೀನಿ.

ಇಂತಿ ನಿಮ್ಮ ಓದುಗ,
ದಾವಣಗೆರೆ