ಫೋಟೋದಲ್ಲಿ ಇರುವವನೇ ಬಾಗಿಲಿಗೆ ಬರಬೇಕು

ಲೇ ಗೆಳೆಯಾ,

ನೀನು ಕಳಿಸಿದ ಫೋಟೋ ಎಲ್ಲಾ ನೋಡಿದೆ. ಅದರಲ್ಲಿ ಒಂದನ್ನೂ ಸಿನಿಮಾ ಆಡಿಷನ್‌ಗೆ ಕಳಿಸಬೇಡ. ಬೇಜಾರು ಮಾಡಿಕೊಳ್ಳಬೇಡ, ಫೋಟೋ ಚೆನ್ನಾಗಿಲ್ಲ ಅಂತಲ್ಲ. ದುರ್ಗದ ಕೋಟೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂಡೆಗೆ ಒರಗಿ ನಿಂತಿದ್ದೀಯಲ್ಲ, ಅದನ್ನಂತೂ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮಾಡಿಸಬಹುದು. ಆದರೆ ಅದರಲ್ಲಿ ಬಂಡೆ ಕಾಣುತ್ತದೆ, ಕೋಟೆಯ ಬತೇರಿ ಕಾಣುತ್ತದೆ, ಕನ್ನಡಕ ಕಾಣುತ್ತದೆ. ನಿನ್ನ ಕಣ್ಣೇ ಕಾಣುವುದಿಲ್ಲ. ಕಾಸ್ಟಿಂಗ್ ಮಾಡುವವರು, ಅಂದರೆ ಪಾತ್ರಕ್ಕೆ ನಟರನ್ನು ಆರಿಸುವವರು, ಮೊದಲು ಹುಡುಕುವುದೇ ಅದನ್ನು.

ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತು, ಅಲ್ಲಿನ ಶಿವಸಂಚಾರ ನಾಟಕ ತಂಡದಲ್ಲಿ ಊರೂರು ತಿರುಗಿ ನಾಟಕ ಆಡಿದವನಿಗೆ ನಾನು ನಟನೆ ಹೇಳಿಕೊಡಬೇಕಾಗಿಲ್ಲ. ನಾನು ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು, ಮದುವೆ ಸೀಸನ್ ಮುಗಿದ ಮೇಲೆ ನಿನ್ನಂಥವರ ಪ್ರೊಫೈಲ್ ಫೋಟೋ, ಆಡಿಷನ್ ವಿಡಿಯೋ ಮಾಡಿಕೊಡುವವನು ಅಷ್ಟೇ. ಆದರೆ ಇಲ್ಲಿಂದ ಹೋದ ಹುಡುಗರು ಯಾಕೆ ವಾಪಸ್ ಬರುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ನಟನೆ ಬರದೆ ವಾಪಸ್ ಬಂದವರಿಗಿಂತ, ಫೋಟೋದಲ್ಲಿ ಒಬ್ಬ, ಬಯೋಡೇಟಾದಲ್ಲಿ ಇನ್ನೊಬ್ಬ, ಬಾಗಿಲಿಗೆ ಬಂದಾಗ ಮತ್ತೊಬ್ಬ ಆಗಿದ್ದಕ್ಕೇ ವಾಪಸ್ ಬಂದವರು ಜಾಸ್ತಿ.

ಹರಿಹರದ ಹುಡುಗ ಒಬ್ಬ ಇದ್ದ. ಒಳ್ಳೆ ಗಡ್ಡ, ಒಳ್ಳೆ ಕೂದಲು, ಹಳ್ಳಿ ರೌಡಿ ಪಾತ್ರಕ್ಕೆ ಹೇಳಿ ಮಾಡಿಸಿದ ಮುಖ. ಫೋಟೋ ನೋಡಿ ಕರೆದರು. ಇವನು ಮಧ್ಯದಲ್ಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟು, ನುಣ್ಣಗೆ ಮಾಡಿಸಿಕೊಂಡು ಸೀದಾ ಆಡಿಷನ್‌ಗೆ ಹೋಗಿದ್ದಾನೆ. ಬಾಗಿಲಲ್ಲಿದ್ದ ಅಸಿಸ್ಟೆಂಟ್ ಮೊಬೈಲ್ ನೋಡಿ, ಇವನನ್ನು ನೋಡಿ, ಮತ್ತೆ ಮೊಬೈಲ್ ನೋಡಿ, "ಕೂದಲು ಬಂದ ಮೇಲೆ ಬಾರಪ್ಪ" ಅಂದನಂತೆ. ದೇವರ ಕೆಲಸ ಸರಿ. ಒಂದು ಹೊಸ ಫೋಟೋ ತೆಗೆದು ಕಳಿಸಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಫೋಟೋ ಇಷ್ಟು ಸಾಕು. ಮುಖದ್ದು ಒಂದು, ಸೊಂಟದವರೆಗಿನದು ಒಂದು, ನಿಂತಿರುವ ಪೂರ್ತಿ ಫೋಟೋ ಒಂದು, ಎಡಕ್ಕೆ ಬಲಕ್ಕೆ ತಿರುಗಿದ್ದು ಒಂದೊಂದು. ಹಿಂದೆ ಖಾಲಿ ಗೋಡೆ. ಫಿಲ್ಟರ್ ಬೇಡ, ಮುಖ ಬೆಳ್ಳಗೆ ಮಾಡುವುದು ಬೇಡವೇ ಬೇಡ. ನಿನ್ನ ಕೆನ್ನೆ ಮೇಲಿನ ಗಾಯದ ಕಲೆ ಅಳಿಸಿದ್ದೀಯಲ್ಲ, ಯಾರು ಹೇಳಿದರು? ಆ ಕಲೆ ನೋಡಿಯೇ ಯಾವನಾದರೂ ಡೈರೆಕ್ಟರ್ ನಿನಗೊಂದು ಪಾತ್ರ ಕೊಡಬಹುದು. ಇನ್ನೊಂದು ಮಾತು, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡು ಹೇಳುತ್ತಿದ್ದೇನೆ: ಸಾವಿರಾರು ರೂಪಾಯಿ ಸುರಿದು ಆರು ಡ್ರೆಸ್‌ನಲ್ಲಿ ಪೋರ್ಟ್‌ಫೋಲಿಯೋ ಮಾಡಿಸಬೇಡ, ಯಾವ ಸ್ಟುಡಿಯೋದವನು ಹೇಳಿದರೂ. ಆ ದುಡ್ಡಲ್ಲಿ ಚೌಕಿಪೇಟೆಗೆ ಹೋಗಿ ಎರಡು ಸಾದಾ ಷರ್ಟ್ ತಗೋ. ಒಂದೇ ಬಣ್ಣದ್ದು, ಬರಹ ಇರಬಾರದು, ಸಣ್ಣ ಸಣ್ಣ ಗೆರೆಯೂ ಬೇಡ, ಕ್ಯಾಮೆರಾದಲ್ಲಿ ಗೆರೆ ಅದುರಿದ ಹಾಗೆ ಕಾಣುತ್ತದೆ.

ಬಯೋಡೇಟಾ ಓದಿ ನಕ್ಕು ನಕ್ಕು ಸಾಕಾಯಿತು. ಕುದುರೆ ಸವಾರಿ ಅಂತ ಬರೆದಿದ್ದೀಯ! ನಾಯಕನಹಟ್ಟಿ ಜಾತ್ರೆಯಲ್ಲಿ ಕುದುರೆ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದು ಸವಾರಿ ಅಲ್ಲ ಮಾರಾಯ. ನಾಳೆ ಸೆಟ್‌ನಲ್ಲಿ ನಿಜವಾದ ಕುದುರೆ ತಂದು ನಿಲ್ಲಿಸಿದರೆ ಏನು ಮಾಡುತ್ತೀಯ? ಅದೇ, ನಿಮ್ಮಮ್ಮನ ತವರು ಮೊಳಕಾಲ್ಮೂರು ಕಡೆ, ಮನೆಯಲ್ಲಿ ತೆಲುಗು ನೀರು ಕುಡಿದ ಹಾಗೆ ಮಾತಾಡುತ್ತೀಯ, ಅದನ್ನು ಬರೆದೇ ಇಲ್ಲ. ನಮ್ಮ ದುರ್ಗದ ಸೀಮೆಯ ಮಾತು ಸಹಜವಾಗಿ ಬರುತ್ತದೆ ಅಂತಲೂ ಬರಿ. ವಚನ ಇರುವ ನಾಟಕ ಆಡಿದ್ದೀಯ, ಗ್ರಾಂಥಿಕ ಕನ್ನಡ ತಡವರಿಸದೆ ಹೇಳಬಲ್ಲೆ, ಅದೂ ಇರಲಿ. ನಮ್ಮ ಹುಡುಗರು ನೆಲಮಂಗಲ ದಾಟಿದ ಕೂಡಲೇ 'ಐತಿ' ಬಿಟ್ಟು ಒಂಥರಾ ಬೆಂಗಳೂರು ಕನ್ನಡ ಶುರು ಮಾಡುತ್ತಾರೆ. ಪಾತ್ರ ಕೇಳಿದರೆ ಆಡು. ಹೆಸರು ಊರು ಹೇಳುವಾಗ ಯಾಕೆ?

ಈಗ ನಿನಗೆ ನಿಜವಾಗಿ ಕಷ್ಟ ಆಗುವ ವಿಷಯಕ್ಕೆ ಬರುತ್ತೇನೆ. ನಿನ್ನ ಧ್ವನಿ.

ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂತ ಅಜ್ಜನಿಗೂ ಕೇಳುವ ಹಾಗೆ ಮಾತಾಡಿ ಕಲಿತವನು ನೀನು. ದಾವಣಗೆರೆಯಲ್ಲಿ ಹುಟ್ಟಿದ ನಮಗಂತೂ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಅಂದರೆ ಮನೆಮಾತು, ನಟನೆ ಅಂದರೆ ಮೊದಲು ಗಂಟಲು ಅಂತಲೇ ನಂಬಿದವರು. ಅದು ತಪ್ಪಲ್ಲ, ಅದು ನಿನ್ನ ಆಸ್ತಿ. ಆದರೆ ಆಡಿಷನ್ ರೂಮು ಎಷ್ಟಿರುತ್ತದೆ ಅಂದುಕೊಂಡಿದ್ದೀಯ? ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಕ್ಯಾಮೆರಾ ನಾಲ್ಕೈದು ಅಡಿ ದೂರದಲ್ಲಿ, ಮೈಕ್ ಅಂಗಿಗೇ ಸಿಕ್ಕಿಸಿರಬಹುದು. ಅಲ್ಲಿ ನೀನು ಬಯಲಿನ ಧ್ವನಿ ತೆಗೆದರೆ ಎದುರಿಗಿದ್ದವರು ಮಾತು ಕೇಳುವುದು ಬಿಟ್ಟು ವಾಲ್ಯೂಮ್ ತಗ್ಗಿಸಲು ಓಡುತ್ತಾರೆ.

'ನಾನು ಬರಲ್ಲ ಅಂತ ಹೇಳು' ಅನ್ನುವ ಒಂದು ಮಾತು ತಗೋ. ರಂಗದ ಮೇಲೆ ಆದರೆ ಭುಜ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಇಟ್ಟು, ಕೈ ಬೀಸಿ ಹೇಳುತ್ತೀಯ. ಕ್ಲೋಸಪ್‌ನಲ್ಲಿ ಕೈ ಕಾಣುವುದೇ ಇಲ್ಲ, ಹೆಜ್ಜೆ ಇಟ್ಟರೆ ಫ್ರೇಮಿನಿಂದ ಆಚೆ. ಉಳಿಯುವುದು ಕಣ್ಣು, ತುಟಿ, ಉಗುಳು ನುಂಗುವುದು. ಸುಮ್ನೆ ಒಂದು ಕ್ಷಣ ಎದುರಿನವನನ್ನು ನೋಡಿ, ಆಮೇಲೆ ಕಣ್ಣು ಕೆಳಗಿಳಿಸಿ, ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿ ನೋಡು. ಫೋನಿನಲ್ಲಿ ಎರಡೂ ಥರ ರೆಕಾರ್ಡ್ ಮಾಡಿ ಹಾಕಿಕೊಂಡು ನೋಡು, ನಾನು ಹೇಳುವುದೇ ಬೇಡ. ನಿನ್ನ ಹುಬ್ಬು ಬೇರೆ, ಪ್ರತಿ ಮಾತಿಗೂ ಮೇಲೆ ಹೋಗುತ್ತದೆ. ಅದೊಂದನ್ನು ಹಿಡಿದಿಟ್ಟುಕೊಂಡರೆ ಅರ್ಧ ಕೆಲಸ ಆಯಿತು.

ವಿಡಿಯೋ ಮನೆಯಲ್ಲೇ ಮಾಡಿ ಕಳಿಸಿ ಅಂದರೆ ಫೋನ್ ಅಡ್ಡ ಹಿಡಿ, ಅವರು ಬೇರೆ ಥರ ಕೇಳದಿದ್ದರೆ. ಸ್ಟೂಲ್ ಮೇಲೆ ಪುಸ್ತಕ ಪೇರಿಸಿ ಕಣ್ಣಿನ ಮಟ್ಟಕ್ಕೆ ಇಡು. ಕಿಟಕಿ ನಿನ್ನ ಎದುರಿಗೆ ಇರಲಿ, ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನ್ ಆರಿಸು. ಕುಕ್ಕರ್ ಇಟ್ಟಿಲ್ಲ ತಾನೇ ಅಂತ ಅಮ್ಮನನ್ನು ಕೇಳು. ಹೆಸರು, ವಯಸ್ಸು, ಎತ್ತರ, ಊರು, ಭಾಷೆ ಹೇಳುವಾಗ ಲೆನ್ಸನ್ನೇ ನೋಡು, ಪಾತ್ರ ಮಾಡುವಾಗ ಲೆನ್ಸಿನ ಪಕ್ಕದಲ್ಲಿ ಕೂತು ಎದುರು ಮಾತು ಹೇಳುವವರನ್ನು ನೋಡು. ಹಿನ್ನೆಲೆ ಸಂಗೀತ ಹಾಕಬೇಡ. ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಕ್ವಾಲಿಟಿ ಹೋಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸು. ಡ್ರೈವ್ ಲಿಂಕ್ ಆದರೆ ಯಾರು ಬೇಕಾದರೂ ತೆರೆಯುವ ಹಾಗೆ ಇದೆಯಾ ಅಂತ ಬೇರೆಯವರ ಫೋನಿನಲ್ಲಿ ಒಮ್ಮೆ ಒತ್ತಿ ನೋಡು, ಪರ್ಮಿಷನ್ ಕೇಳುತ್ತಾ ಕೂರುವಷ್ಟು ಪುರಸೊತ್ತು ಅವರಿಗಿರುವುದಿಲ್ಲ. ಫೈಲಿಗೆ ನಿನ್ನ ಹೆಸರು ಇಡು. 'ಫೈನಲ್ ನ್ಯೂ 2' ಅಂತ ಇಟ್ಟರೆ ಯಾವನದು ಅಂತ ಹೇಗೆ ಗೊತ್ತಾಗಬೇಕು?

ಬೆಂಗಳೂರಿಗೆ ಕರೆದರೆ ಹಿಂದಿನ ರಾತ್ರಿಯೇ ಹೋಗಿಬಿಡು. ದುರ್ಗದಿಂದ 200 ಕಿ.ಮೀ. ದಾರಿ, ನಾಲ್ಕು ಗಂಟೆ ಸಾಕು ಅಂತ ಲೆಕ್ಕ ಹಾಕುತ್ತೀಯ, ಆದರೆ ಬೆಳಗ್ಗೆ ಹೊತ್ತು ನೆಲಮಂಗಲ ದಾಟಿದ ಮೇಲೆ ಟ್ರಾಫಿಕ್‌ನಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ. ಒಳಗೆ ಹೋದ ಮೇಲೆ ಯಾರ ಕಾಲಿಗೂ ಬೀಳಬೇಡ. ನಿದ್ದೆ ಆಗಿಲ್ಲ ಸರ್, ಗಂಟಲು ಕೆಟ್ಟಿದೆ ಸರ್ ಅನ್ನಬೇಡ. ನಮಸ್ಕಾರ ಹೇಳು, ಎಲ್ಲಿ ನಿಲ್ಲಬೇಕು ಅಂತ ಕೇಳು, ಮಾಡು. ಮಾಡಿದ ಮೇಲೆ 'ಹೆಂಗಿತ್ತು ಸರ್' ಅಂತ ಮುಖ ನೋಡುತ್ತಾ ನಿಲ್ಲಬೇಡ. ಇದನ್ನೇ ಸಿಟ್ಟಿಲ್ಲದೆ, ನಗುತ್ತಾ ಮಾಡಿ ಅಂದರೆ ಖುಷಿಪಡು, ನೀನು ಹಿಡಿಸಲಿಲ್ಲ ಅಂತ ಅರ್ಥ ಅಲ್ಲ. ಹೇಳಿದ್ದು ಕೇಳಿಸಿಕೊಂಡು ಬದಲಾಯಿಸಿಕೊಳ್ಳುತ್ತಾನಾ ಅಂತ ನೋಡುತ್ತಿರುತ್ತಾರೆ. ಮೊದಲು ಮಾಡಿದ್ದನ್ನೇ ಇನ್ನೂ ಜೋರಾಗಿ ಮಾಡಿದರೆ ಮಾತ್ರ ಕೆಟ್ಟಿತು.

ದುಡ್ಡಿನ ವಿಷಯ. ಆಡಿಷನ್ ಕೊಡಲು ರಿಜಿಸ್ಟ್ರೇಷನ್ ಫೀಸು, ಆರ್ಟಿಸ್ಟ್ ಕಾರ್ಡು, ಪಾತ್ರ ಗ್ಯಾರಂಟಿಗೆ ಅಡ್ವಾನ್ಸು ಅಂತ ಕೇಳಿದರೆ ಅಲ್ಲಿಗೇ ಮಾತು ಮುಗಿಸು. ಕೆಲಸ ಮಾಡಿದವನಿಗೆ ಅವರು ದುಡ್ಡು ಕೊಡಬೇಕು, ಕೆಲಸ ಕೇಳಲು ಹೋದವನು ಕೊಡುವುದಲ್ಲ. ನಿಮ್ಮ ತಂಡದ ಹುಡುಗಿಯರಿಗೂ ಹೇಳು: ಲಾಡ್ಜಿಗೆ ಬಾ, ಒಬ್ಬಳೇ ಬಾ, ಸಂಜೆ ಮೇಲೆ ಬಾ ಅಂದರೆ ಅದು ಆಡಿಷನ್ ಅಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲಾ ಸ್ಟುಡಿಯೋಗೆ ಬಾ. ಹತ್ತರ ತನಕ ಮುಂದಿನ ಕಿಟಕಿಯಲ್ಲಿ ಒಳ್ಳೆ ಬೆಳಕು ಇರುತ್ತದೆ, ಲೈಟೂ ಬೇಕಾಗುವುದಿಲ್ಲ. ಹಿಂದಿನ ದಿನ ಕಟಿಂಗ್ ಮಾಡಿಸಬೇಡ, ಈಗ ಹೇಗಿದ್ದೀಯೋ ಹಾಗೇ ಬಾ. ಎದುರು ಪಾತ್ರದ ಮಾತು ಓದಲು ನಿಮ್ಮ ಅಕ್ಕನ ಮಗಳನ್ನು ಕರೆದುಕೊಂಡು ಬಾ, ಅವಳು ನಿನಗಿಂತ ಸ್ಪಷ್ಟವಾಗಿ ಓದುತ್ತಾಳೆ. ಬರುವ ಮೊದಲು ಫೋನಿನಲ್ಲಿ ಜಾಗ ಖಾಲಿ ಮಾಡು, ಆ ಗುಡ್ ಮಾರ್ನಿಂಗ್ ಮೆಸೇಜು ಎಲ್ಲಾ ಅಳಿಸು. ಹೋದ ಸಲ ಟೇಕ್ ಚೆನ್ನಾಗಿ ಬರುತ್ತಿದ್ದಾಗಲೇ ಸ್ಟೋರೇಜ್ ಫುಲ್ ಅಂತ ನಿಂತಿತ್ತು, ಮರೆತೆಯಾ?

ನಿನ್ನ
ಸ್ಟುಡಿಯೋದವನು