ಹೊಸಬರೆಲ್ಲ ‘ನೂಬ್’ ಅಲ್ಲ

ಸಂಪಾದಕರೇ,

ಆನ್‌ಲೈನ್ ಆಟಗಳ ಬಗ್ಗೆ ಇತ್ತೀಚೆಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಈಗ ತಾನೇ ಆಟಕ್ಕೆ ಇಳಿದವರನ್ನೆಲ್ಲ ಅದರಲ್ಲಿ ‘ನೂಬ್’ ಎಂದು ಕರೆದಿದ್ದೀರಿ. ಹೊಸಬ ಎನ್ನಲು ಇಂಗ್ಲಿಷಿನಲ್ಲಿ ಬಳಸುವ ‘ನ್ಯೂಬಿ’ಯನ್ನೇ ಚಿಕ್ಕದು ಮಾಡಿ ಹೇಳುವ ರೀತಿ ಅಂದುಕೊಂಡಿರಬಹುದು. ಹುಟ್ಟು ಒಂದೇ, ನಿಜ. ಬಳಕೆಯಲ್ಲಿ ಮಾತ್ರ ಅಜಗಜಾಂತರ.

‘ನ್ಯೂಬಿ’ ಎನ್ನುವುದು ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನಿಕರು ಆಡುತ್ತಿದ್ದ ಮಾತು. ಆಮೇಲೆ ಕಂಪ್ಯೂಟರ್ ಬಳಸುವವರ ಬಾಯಿಗೆ ಬಂತು. ಅದರಿಂದ ಹುಟ್ಟಿದ ‘ನೂಬ್’ ಆಟಗಾರರಲ್ಲಿ ಬೈಗುಳವೇ ಆಗಿಬಿಟ್ಟಿದೆ. ಆಡುವವರು ಹೇಳುವ ವ್ಯತ್ಯಾಸ ಇಷ್ಟು: ನ್ಯೂಬಿಗೆ ಇನ್ನೂ ಗೊತ್ತಿಲ್ಲ, ಕೇಳಿ ಕಲಿಯುತ್ತಾನೆ. ನೂಬ್‌ಗೆ ಎಷ್ಟು ಹೇಳಿದರೂ ಕಿವಿಗೆ ಹೋಗುವುದಿಲ್ಲ, ವರ್ಷವಾದರೂ ಅದೇ ತಪ್ಪು.

ನನ್ನ ಮಗಳು ಮೊದಲ ದಿನ ಆಡುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಬಾಗಿಲು ತೆಗೆಯುವುದು ಹೇಗೆಂದು ತಿಳಿಯದೆ ಆಟದೊಳಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ‘ಯಾವ ಕೀ ಒತ್ತಬೇಕು?’ ಎಂದು ಚಾಟ್‌ನಲ್ಲಿ ಕೇಳಿದಳು. ಬಂದ ಉತ್ತರ ಒಂದೇ ಪದ: ನೂಬ್. ಅದರ ಹಿಂದೆಯೇ ಇನ್ನೊಬ್ಬರಿಂದಲೂ ಅದೇ. ಅವಳು ಮತ್ತೆ ಏನೂ ಟೈಪ್ ಮಾಡಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ‘ಹಾಗಂದ್ರೆ ಏನಪ್ಪಾ?’ ಅಂದಳು. ನನಗೆ ತುಂಬಾ ನೋವಾಯಿತು. ಗೊತ್ತಿಲ್ಲದ್ದನ್ನು ಕೇಳಿದವಳು ನ್ಯೂಬಿ ಅಲ್ವಾ?

ಇದು ಸುಮ್ನೆ ಪದದ ಮೇಲಿನ ಜಗಳ ಅಲ್ಲ. ಅನುಭವ ಇಲ್ಲದವರಿಗೆ ಹೇಳುವ ಇಂಗ್ಲಿಷಿನ ‘ಗ್ರೀನ್‌ಹಾರ್ನ್’ ಮೊದಲು ಎಳೆ ಕೊಂಬಿನ ಎತ್ತಿಗೆ ಇದ್ದ ಹೆಸರು. ನಮ್ಮ ‘ಎಳಸು’ ಕೂಡ ಹಾಗೇ, ಕಾಯಿಗೆ ಹೇಳುವುದನ್ನು ಮನುಷ್ಯರಿಗೂ ಹೇಳುತ್ತೇವೆ. ಎರಡರಲ್ಲೂ ಸ್ವಲ್ಪ ಹಗುರ ಮಾಡುವ ದನಿ ಇದೆ. ಆದರೆ ಎಳೆಯದು ಬಲಿಯುತ್ತದೆ. ನೂಬ್ ಎನ್ನುವಾಗ ಆ ನಂಬಿಕೆಯೇ ಇಲ್ಲ. ಹೊಸಬರನ್ನು ಹೇಗೆ ನೋಡಿಕೊಳ್ಳಬಹುದು ಎನ್ನುವುದಕ್ಕೆ ಒಂದು ಉದಾಹರಣೆ: ಜಪಾನಿನಲ್ಲಿ 1972ರಿಂದ, ಹೊಸದಾಗಿ ಲೈಸೆನ್ಸ್ ಪಡೆದವರು ಒಂದು ವರ್ಷ ಕಾರಿಗೆ ಹಸಿರು-ಹಳದಿ ಬಣ್ಣದ ಗುರುತು ಹಾಕಿಕೊಳ್ಳುತ್ತಾರೆ. ಅದನ್ನು ಅಲ್ಲಿ ‘ಎಳೆ ಎಲೆ’ ಅನ್ನುತ್ತಾರೆ. ಆ ಗುರುತು ಇರುವ ಕಾರಿಗೆ ಅಡ್ಡ ನುಗ್ಗುವುದು ಕಾನೂನಿನ ಪ್ರಕಾರ ತಪ್ಪು.

ಇನ್ನು ಮುಂದೆ ದಯವಿಟ್ಟು ‘ಹೊಸಬರು’ ಎಂದೇ ಬರೆಯಿರಿ. ಬೇಕಿದ್ದರೆ ‘ನ್ಯೂಬಿ’ ಅನ್ನಿ. ‘ನೂಬ್’ ಬರೆಯಲೇಬೇಕಾಗಿ ಬಂದರೆ, ಅದು ಬೈಗುಳ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ನಿಮ್ಮ ಪುರವಣಿಯನ್ನು ಮಕ್ಕಳೇ ಜಾಸ್ತಿ ಓದುತ್ತಾರೆ.

— ಒಬ್ಬ ಓದುಗ